ಐದು ಸಾವಿರ ಕೋಟಿ ವೊನ್ ಸುರಿದರೂ ಮೇಲೇಳದ ಬಾಹ್ಯಾಕಾಶ ಧಾರಾವಾಹಿ

2025ರ ಜನವರಿ 4ರಂದು ದಕ್ಷಿಣ ಕೊರಿಯಾದ ಟಿವಿಎನ್ ವಾಹಿನಿಯಲ್ಲಿ ‘ವೆನ್ ದ ಸ್ಟಾರ್ಸ್ ಗಾಸಿಪ್’ ಆರಂಭವಾದಾಗ ಅದರ ಮೇಲಿದ್ದ ನಿರೀಕ್ಷೆ ಸಣ್ಣದೇನಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲೇ ನಡೆಯುವ ಮೊದಲ ಕೊರಿಯನ್ ಧಾರಾವಾಹಿ ಎಂದು ಅದನ್ನು ಪ್ರಚಾರ ಮಾಡಲಾಗಿತ್ತು. ನಾಯಕ ಲೀ ಮಿನ್ ಹೊ, ನಾಯಕಿ ಗೋಂಗ್ ಹ್ಯೋ ಜಿನ್. ಸುಮಾರು 5,000 ಕೋಟಿ ವೊನ್ ಖರ್ಚಾಗಿದೆ ಎಂದು ಅಲ್ಲಿನ ಪತ್ರಿಕೆಗಳು ಬರೆದವು. ನಮ್ಮ ರೂಪಾಯಿಯಲ್ಲಿ ಅದು 300 ಕೋಟಿಯ ಆಸುಪಾಸು. 2022ರಲ್ಲಿ ಚಿತ್ರೀಕರಣ ಶುರುವಾಗಿ, ಗ್ರಾಫಿಕ್ಸ್ ಕೆಲಸಕ್ಕೆ ಬಹಳ ಕಾಲ ಹಿಡಿದು, ಕೊನೆಗೂ ತೆರೆಗೆ ಬಂದ ಧಾರಾವಾಹಿ ಇದು. ನೆಟ್‌ಫ್ಲಿಕ್ಸ್ ಮೂಲಕ ಅದು ನಮ್ಮ ಮನೆಗಳಿಗೂ ಬಂತು.

ಮೊದಲ ಕಂತಿಗೆ ಸಿಕ್ಕಿದ್ದು ಶೇ 3.3ರಷ್ಟು ವೀಕ್ಷಕರು. ಎರಡನೆಯದಕ್ಕೆ ಶೇ 3.9. ಅದು ಏರಿದ ಎತ್ತರ ಅಷ್ಟೇ. ಅಲ್ಲಿಂದ ಇಳಿಯುತ್ತಾ ಒಂದು ಹಂತದಲ್ಲಿ ಶೇ 1.8 ತಲುಪಿ, ಫೆಬ್ರುವರಿ 23ರ ಹದಿನಾರನೇ ಕಂತು ಶೇ 2.6ರೊಂದಿಗೆ ಮುಗಿಯಿತು. ಈಗಿನ ಕಾಲದಲ್ಲಿ ಟಿವಿ ಮುಂದೆ ಯಾರು ಕೂರುತ್ತಾರೆ, ಎಲ್ಲರೂ ಮೊಬೈಲ್‌ನಲ್ಲೇ ನೋಡುತ್ತಾರೆ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಇದೇ ವಾಹಿನಿಯ ಇದೇ ಶನಿವಾರ-ಭಾನುವಾರದ ಹೊತ್ತಿನಲ್ಲಿ 2024ರ ಏಪ್ರಿಲ್‌ನಲ್ಲಿ ಮುಗಿದ ‘ಕ್ವೀನ್ ಆಫ್ ಟಿಯರ್ಸ್’ ಶೇ 25ರ ಹತ್ತಿರ ಹೋಗಿತ್ತು. ನವೆಂಬರ್‌ನಲ್ಲಿ ಮುಗಿದ ‘ಜೊಂಗ್‌ನ್ಯೊನ್: ದ ಸ್ಟಾರ್ ಈಸ್ ಬಾರ್ನ್’ ಶೇ 16.5 ಮುಟ್ಟಿತ್ತು. ಅದು 1950ರ ದಶಕದಲ್ಲಿ ಹೆಂಗಸರೇ ಸೇರಿ ಆಡುತ್ತಿದ್ದ ಸಂಗೀತ ನಾಟಕದ ಕಥೆ. ಇಂದಿನ ಕೊರಿಯನ್ ಯುವಜನರಿಗೆ ಆ ರಂಗಪ್ರಕಾರ ಬಾಹ್ಯಾಕಾಶದಷ್ಟೇ ಅಪರಿಚಿತ. ಆದರೂ ಜನ ಕಾದು ಕುಳಿತು ನೋಡಿದರು. ಪ್ರೇಕ್ಷಕರು ಎಲ್ಲೂ ಹೋಗಿರಲಿಲ್ಲ.

ಹಾಗಿದ್ದರೆ ಎಡವಿದ್ದೆಲ್ಲಿ? ಕಥೆಯ ಕೊನೆಯನ್ನೂ ಹೇಳದೆ ಈ ಪ್ರಶ್ನೆಗೆ ಉತ್ತರಿಸಲು ಆಗುವುದಿಲ್ಲ; ಇನ್ನೂ ನೋಡಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಬಹುದು.

ಗೋಂಗ್ ರ್‍ಯೋಂಗ್ ಒಬ್ಬ ಪ್ರಸೂತಿ ತಜ್ಞ. ಭಾರೀ ಉದ್ಯಮ ಸಮೂಹವೊಂದರ ಅಧ್ಯಕ್ಷನ ಮಗಳೊಂದಿಗೆ ಅವನ ಮದುವೆ ನಡೆಯಬೇಕು. ಅಧ್ಯಕ್ಷನಿಗೆ ತೀರಿಹೋದ ಮಗನ ವಂಶ ಮುಂದುವರಿಯಬೇಕೆಂಬ ಹಟ. ಅದಕ್ಕಾಗಿ ಈ ವೈದ್ಯ ಪ್ರವಾಸಿಯ ವೇಷದಲ್ಲಿ ನಿಲ್ದಾಣಕ್ಕೆ ಹೋಗಿ, ಯಾರಿಗೂ ತಿಳಿಯದಂತೆ ಅಲ್ಲಿ ಕೃತಕ ಗರ್ಭಧಾರಣೆ ನಡೆಸಬೇಕು. ನಿಲ್ದಾಣದ ಕಮಾಂಡರ್ ಈವ್ ಕಿಮ್ ಅಚ್ಚುಕಟ್ಟಿನ ಗಗನಯಾತ್ರಿ, ನಿಯಮ ತಪ್ಪಿದರೆ ಸಹಿಸದವಳು. ಇಬ್ಬರ ನಡುವೆ ಜಗಳ, ಆಮೇಲೆ ಪ್ರೀತಿ. ಅವಳು ನಿಲ್ದಾಣದಲ್ಲೇ ಗರ್ಭಿಣಿಯಾಗುತ್ತಾಳೆ. ಭೂಮಿಗೆ ಮರಳಿ ಮಗುವನ್ನು ಹೆತ್ತು, ಕೊನೆಯ ಕಂತಿನಲ್ಲಿ ಸಾಯುತ್ತಾಳೆ.

ಕಥೆಯ ಎಳೆ ವಿಚಿತ್ರ ಎನ್ನುವುದು ನನ್ನ ದೂರಲ್ಲ. ಕೊರಿಯನ್ ಧಾರಾವಾಹಿಗಳು ಇದಕ್ಕಿಂತ ವಿಚಿತ್ರವಾದ ಎಳೆಗಳನ್ನು ಹಿಡಿದು ಗೆದ್ದಿವೆ. ಜನನ ಪ್ರಮಾಣ ಜಗತ್ತಿನಲ್ಲೇ ಅತಿ ಕಡಿಮೆಯಿರುವ ದೇಶಗಳ ಸಾಲಿನಲ್ಲಿ ಕೊರಿಯಾ ಇರುವಾಗ, ಗರ್ಭ, ವಂಶ, ಮಗು ಇವುಗಳ ಸುತ್ತ ಕಥೆ ಕಟ್ಟುವುದಕ್ಕೆ ಬೇಕಾದಷ್ಟು ಕಾರಣಗಳೂ ಇದ್ದವು. ನನ್ನ ದೂರು ಬೇರೆ. ಇದು ಪ್ರೇಮಕಥೆಯೋ, ವೈಜ್ಞಾನಿಕ ಕಥೆಯೋ, ಸಿರಿವಂತ ಕುಟುಂಬದ ಒಳಜಗಳವೋ, ಹಾಸ್ಯವೋ ಎಂದು ಬರೆದವರೇ ತೀರ್ಮಾನಿಸಿಕೊಂಡಿಲ್ಲ. ಒಂದು ದೃಶ್ಯದಲ್ಲಿ ಪ್ರಾಣಕ್ಕೆ ಕುತ್ತು, ಮರು ದೃಶ್ಯದಲ್ಲಿ ಪ್ರಯೋಗಕ್ಕೆಂದು ಸಾಕಿದ ಇಲಿಗಳ ಕೂಡಾಟದ ಬಗ್ಗೆ ಕುಚೇಷ್ಟೆಯ ಮಾತು, ಅದರ ಹಿಂದೆಯೇ ಭೂಮಿಯ ಮೇಲಿನ ಮನೆಯಲ್ಲಿ ಕಣ್ಣೀರು. ನೋಡುವವನು ಯಾವ ಭಾವದಲ್ಲೂ ಒಂದು ಗಳಿಗೆ ನೆಲೆ ನಿಲ್ಲಲಾರ. ಸಬ್‌ಟೈಟಲ್ ಓದುತ್ತಾ ನೋಡುವ ನಮ್ಮಂಥವರಿಗೆ ಈ ತೊಂದರೆ ಇಮ್ಮಡಿ. ಮಾತಿನ ಧಾಟಿ ಪೂರ್ತಿ ಕಿವಿಗೆ ನಿಲುಕದಿರುವಾಗ, ದೃಶ್ಯದ ಭಾವ ಗಟ್ಟಿಯಾಗಿದ್ದರೆ ಮಾತ್ರ ನಾವು ಕಥೆಯ ಜತೆ ಹೋಗಲು ಸಾಧ್ಯ.

ಲೇಖಕಿ ಸೊ ಸುಕ್ ಹ್ಯಾಂಗ್ ಅವರಿಗೆ ಬರೆಯಲು ಬರುವುದಿಲ್ಲ ಎಂದು ತಳ್ಳಿಹಾಕುವಂತಿಲ್ಲ. ನಿರಾಸೆ ಹೆಚ್ಚಾಗುವುದೂ ಅದಕ್ಕೇ. 2010ರಲ್ಲಿ ಎಂಬಿಸಿ ವಾಹಿನಿಗೆ ಅವರು ಬರೆದ ‘ಪಾಸ್ತಾ’ದಲ್ಲೂ ಗೋಂಗ್ ಹ್ಯೋ ಜಿನ್ ಅವರೇ ನಾಯಕಿ. ಇಟಾಲಿಯನ್ ಹೋಟೆಲೊಂದರ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಸಹಾಯಕಿಯಾಗಿ ದುಡಿದು, ಇನ್ನೇನು ಒಲೆಯ ಮುಂದೆ ನಿಲ್ಲುವ ಸರದಿ ಬಂತು ಎನ್ನುವಾಗ ಹೊಸ ಮುಖ್ಯ ಬಾಣಸಿಗ ಬಂದು ‘ನನ್ನ ಅಡುಗೆಮನೆಯಲ್ಲಿ ಹೆಂಗಸರು ಬೇಡ’ ಎನ್ನುತ್ತಾನೆ. ಆ ಧಾರಾವಾಹಿಯಲ್ಲಿ ಬಾಣಲೆ ಯಾರ ಕೈಯಲ್ಲಿದೆ ಎಂಬುದರ ಮೇಲೆ ಯಾರ ಮಾತು ನಡೆಯುತ್ತದೆ ಎಂಬುದು ನಿಂತಿತ್ತು. ಪ್ರೀತಿ ಹುಟ್ಟುವುದೂ ಮುನಿಸು ಬರುವುದೂ ಕೆಲಸದ ಒಳಗಿನಿಂದಲೇ. 2016ರ ‘ಜೆಲಸಿ ಇನ್‌ಕಾರ್ನೇಟ್’ ಕೂಡ ಅವರದೇ. ಅದರಲ್ಲಿ ಗಂಡಸುತನದ ಗತ್ತಿನ ಸುದ್ದಿ ವರದಿಗಾರನಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ದೇಹ, ನಾಚಿಕೆ, ಕಾಯಿಲೆ ಇವನ್ನು ಪ್ರೇಮ-ಹಾಸ್ಯದ ಚೌಕಟ್ಟಿನೊಳಗೆ ತಂದು, ಎಲ್ಲೂ ಅಸಹ್ಯವಾಗದಂತೆ ನಿಭಾಯಿಸಿದ ಲೇಖನಿ ಅದು. ನಿರ್ದೇಶನ ಪಾರ್ಕ್ ಶಿನ್ ವೂ ಅವರದು. ಬಾಹ್ಯಾಕಾಶದ ಈ ಧಾರಾವಾಹಿಗೂ ಅವರೇ ನಿರ್ದೇಶಕರು. ಲೇಖಕಿ, ನಿರ್ದೇಶಕ, ನಾಯಕಿ ಮೂವರೂ ಹಿಂದೆ ಒಟ್ಟಾಗಿ ಒಳ್ಳೆಯ ಕೆಲಸ ಮಾಡಿದವರೇ.

ಅಡುಗೆಮನೆಗೂ ಸುದ್ದಿಮನೆಗೂ ಸಿಕ್ಕ ಆಸಕ್ತಿ ಬಾಹ್ಯಾಕಾಶ ನಿಲ್ದಾಣಕ್ಕೆ ಸಿಗಲಿಲ್ಲ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಈ ಧಾರಾವಾಹಿಯಲ್ಲಿ ಒಬ್ಬ ವಿಜ್ಞಾನಿ ಹಣ್ಣಿನ ನೊಣಗಳ ಮೇಲೆ ಪ್ರಯೋಗ ನಡೆಸುತ್ತಾನೆ. ಪಾತ್ರ ಮಾಡಿದವರು ಓ ಜೊಂಗ್ ಸೆ, ಪಳಗಿದ ನಟ. ಬಾಳೆಹಣ್ಣು ಕಳಿತರೆ ಅಡುಗೆಮನೆಯಲ್ಲಿ ಮುತ್ತಿಕೊಳ್ಳುವ ಆ ಪುಟ್ಟ ನೊಣಕ್ಕೆ ಬಾಹ್ಯಾಕಾಶದಲ್ಲಿ ದೊಡ್ಡ ಚರಿತ್ರೆಯೇ ಇದೆ. 1947ರಲ್ಲಿ ಅಮೆರಿಕದವರು ವಿ-2 ರಾಕೆಟ್‌ನಲ್ಲಿ ಕಳುಹಿಸಿದ ಹಣ್ಣಿನ ನೊಣಗಳೇ ಬಾಹ್ಯಾಕಾಶ ಕಂಡ ಮೊದಲ ಪ್ರಾಣಿಗಳು, ಮತ್ತು ಅವು ಜೀವಂತ ಮರಳಿದವು. ಮೊಟ್ಟೆಯಿಂದ ನೊಣವಾಗಲು ಸುಮಾರು ಹತ್ತು ದಿನ ಸಾಕು. ಹೀಗಾಗಿ ಒಬ್ಬ ಗಗನಯಾತ್ರಿ ನಿಲ್ದಾಣದಲ್ಲಿರುವಷ್ಟು ಕಾಲದಲ್ಲಿ ಅವುಗಳ ಹಲವು ತಲೆಮಾರುಗಳನ್ನು ಗಮನಿಸಬಹುದು. ಮನುಷ್ಯರ ರೋಗಗಳಿಗೆ ಸಂಬಂಧಿಸಿದ ಜೀನ್‌ಗಳಲ್ಲಿ ಮುಕ್ಕಾಲು ಪಾಲಿಗೆ ಸಾಟಿಯಾದ ಜೀನ್‌ಗಳು ಅವುಗಳಲ್ಲೂ ಇವೆ. ಈ ವಿಷಯ ನಮಗೇನೂ ದೂರದ್ದಲ್ಲ. ಗಗನಯಾನದ ಮಾನವರಹಿತ ಹಾರಾಟದಲ್ಲಿ ಕಳುಹಿಸಲೆಂದು ಹಣ್ಣಿನ ನೊಣಗಳ ಪೆಟ್ಟಿಗೆಯನ್ನು ಸಿದ್ಧಪಡಿಸಿದ್ದು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ. ಬಾಹ್ಯಾಕಾಶದಲ್ಲಿ ಮೂತ್ರಪಿಂಡದ ಕಲ್ಲು ಹೇಗೆ ಉಂಟಾಗುತ್ತದೆ ಎಂದು ತಿಳಿಯುವುದು ಅದರ ಉದ್ದೇಶ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದ ಪ್ರಯೋಗದಲ್ಲೂ ಧಾರವಾಡದ ವಿಜ್ಞಾನಿಗಳ ಪಾಲಿತ್ತು.

ಹೀಗೆ ಒಂದು ನೊಣದ ಸುತ್ತಲೇ ಎಷ್ಟು ಕಥೆ ಇದೆ! ಅದನ್ನು ಸಾಕುವವನ ಆತಂಕ, ಒಂದು ಪೆಟ್ಟಿಗೆ ಕೆಟ್ಟರೆ ನೆಲದ ಮೇಲೆ ವರ್ಷಗಟ್ಟಲೆ ನಡೆದ ಕೆಲಸ ವ್ಯರ್ಥವಾಗುವ ಭಯ, ನಿಲ್ದಾಣದಲ್ಲಿ ಜಾಗಕ್ಕೂ ಸಮಯಕ್ಕೂ ನಡೆಯುವ ಪೈಪೋಟಿ. ಕಮಾಂಡರ್ ಮತ್ತು ಹೊರಗಿನಿಂದ ಬಂದ ಪ್ರವಾಸಿಯ ಜಗಳಕ್ಕೆ ಇದಕ್ಕಿಂತ ಒಳ್ಳೆಯ ನೆಲ ಬೇಕಿರಲಿಲ್ಲ. ಧಾರಾವಾಹಿ ಇದನ್ನೆಲ್ಲ ಪಕ್ಕಕ್ಕೆ ಸರಿಸಿ, ನೊಣವನ್ನೂ ಇಲಿಯನ್ನೂ ಕೂಡಾಟದ ಪ್ರಸ್ತಾಪಕ್ಕೆ ನೆಪವಾಗಿ ಬಳಸಿಕೊಂಡಿತು. ನಟರನ್ನು ತಂತಿಗಳಿಗೆ ಕಟ್ಟಿ ತೇಲಿಸಿದ ದೃಶ್ಯಗಳು ಚೆನ್ನಾಗಿಯೇ ಬಂದಿವೆ, ಅದನ್ನು ಒಪ್ಪಬೇಕು. ಆದರೆ ತೇಲುವ ಮನುಷ್ಯನಿಗೆ ಅಲ್ಲಿ ಮಾಡಲು ಏನು ಕೆಲಸವಿದೆ ಎಂಬುದು ನಮಗೆ ಮನದಟ್ಟಾಗದಿದ್ದರೆ, ಎರಡನೇ ಕಂತಿನ ಹೊತ್ತಿಗೆ ಆ ತೇಲಾಟ ಹಳತಾಗುತ್ತದೆ. ರೇಟಿಂಗ್ ಅಲ್ಲಿಂದಲೇ ಕುಸಿದದ್ದು ನನಗೆ ಆಶ್ಚರ್ಯ ತರಲಿಲ್ಲ.

ಇನ್ನು ಆ ಕೊನೆ. ಕೊರಿಯಾದ ವೀಕ್ಷಕರ ಸಿಟ್ಟು ಬಹುಪಾಲು ಸ್ಫೋಟಗೊಂಡದ್ದು ಅಲ್ಲಿ, ಮತ್ತು ಆ ಸಿಟ್ಟು ನ್ಯಾಯವಾದದ್ದು. ಈವ್ ಕಿಮ್ ಎಂಬ ಹೆಂಗಸು ಮೊದಲ ಕಂತುಗಳಲ್ಲಿ ಇಡೀ ನಿಲ್ದಾಣದ ಹೊಣೆ ಹೊತ್ತವಳು. ಅವಳ ಆಜ್ಞೆಯಿಲ್ಲದೆ ಅಲ್ಲಿ ಬಾಗಿಲು ತೆರೆಯುವುದಿಲ್ಲ. ಕಥೆ ಮುಂದೆ ಸಾಗಿದಂತೆ ಅವಳ ತೀರ್ಮಾನಗಳು ಒಂದೊಂದಾಗಿ ಕರಗಿ, ಕೊನೆಗೆ ಅವಳಿಗೆ ಉಳಿಯುವುದು ಹೆರುವ ಕೆಲಸ ಒಂದೇ. ಹೆತ್ತ ಮೇಲೆ ಕಥೆಗೆ ಅವಳು ಬೇಡ. ಜೀವ ಎಷ್ಟು ಅಮೂಲ್ಯ ಎಂದು ಹದಿನಾರು ಕಂತು ಹೇಳಿದ ಧಾರಾವಾಹಿ, ನಾವು ಪ್ರೀತಿಸುವಂತೆ ಮಾಡಿದ ಒಬ್ಬಳೇ ಒಬ್ಬಳ ಜೀವವನ್ನು ಇಷ್ಟು ಸಲೀಸಾಗಿ ಕೈಬಿಟ್ಟಿತು. ಸಾವು ಕಥೆಗೆ ಬೇಕಿತ್ತು ಎನ್ನುವುದಾದರೆ ಅದಕ್ಕೆ ತಕ್ಕ ಸಿದ್ಧತೆ ಹಿಂದಿನ ಕಂತುಗಳಲ್ಲಿ ಇರಬೇಕಿತ್ತು. ಇಲ್ಲಿ ಅದು ದಾರಿ ಕಾಣದ ಲೇಖನಿ ಹಿಡಿದ ಅಡ್ಡದಾರಿಯಂತೆ ಕಾಣುತ್ತದೆ. ಇದೇ ನಟಿ 2019ರ ‘ವೆನ್ ದ ಕ್ಯಾಮೆಲಿಯಾ ಬ್ಲೂಮ್ಸ್’ನಲ್ಲಿ ಸಣ್ಣ ಕಡಲೂರಿನಲ್ಲಿ ಮದ್ಯದಂಗಡಿ ನಡೆಸುತ್ತಾ ಒಬ್ಬಳೇ ಮಗನನ್ನು ಬೆಳೆಸುವ ತಾಯಿಯಾಗಿದ್ದರು. ಊರಿನವರ ಕೊಂಕು ಮಾತಿಗೆ ಕುಗ್ಗಿದ್ದ ಆ ಹೆಂಗಸು ಕಂತಿನಿಂದ ಕಂತಿಗೆ ಬೆನ್ನು ನೇರ ಮಾಡಿಕೊಳ್ಳುವುದನ್ನು ಜನ ನೋಡಿದರು. ಕೊನೆಯ ಕಂತಿಗೆ ಶೇ 23.8 ವೀಕ್ಷಕರಿದ್ದರು. ಅದಾದ ಮೇಲೆ ಐದು ವರ್ಷ ಅವರು ಯಾವ ಧಾರಾವಾಹಿಯಲ್ಲೂ ಕಾಣಿಸಿಕೊಳ್ಳಲಿಲ್ಲ. ಮರಳಿ ಬಂದದ್ದು ಈ ಪಾತ್ರಕ್ಕೆ.

ಇಷ್ಟು ದೊಡ್ಡ ಲೋಪಗಳು ತೆರೆಯವರೆಗೂ ಬಂದದ್ದು ಹೇಗೆ ಎಂಬ ಪ್ರಶ್ನೆ ಈ ಒಂದು ಧಾರಾವಾಹಿಯನ್ನು ಮೀರಿದ್ದು. ಕೊರಿಯಾದಲ್ಲಿ ಹಿಂದೆ ಧಾರಾವಾಹಿಗಳು ಪ್ರಸಾರದ ಜತೆಜತೆಗೇ ತಯಾರಾಗುತ್ತಿದ್ದವು. ಅಂದಿನ ದೃಶ್ಯದ ಹಾಳೆ ಅಂದೇ ಸೆಟ್‌ಗೆ ಬರುತ್ತಿತ್ತು. ನಟರು ನಿದ್ದೆಗೆಟ್ಟು ದುಡಿಯುತ್ತಿದ್ದರು. ಕೊನೆಯ ಕಂತುಗಳು ಅವಸರಕ್ಕೆ ಹಳಸುತ್ತಿದ್ದವು. ಆ ಪದ್ಧತಿ ಅಮಾನುಷವಾಗಿತ್ತು, ಅದು ಹೋದದ್ದು ಒಳ್ಳೆಯದೇ ಆಯಿತು. 2016ರಲ್ಲಿ ‘ಡಿಸೆಂಡೆಂಟ್ಸ್ ಆಫ್ ದ ಸನ್’ ಪೂರ್ತಿ ಚಿತ್ರೀಕರಿಸಿಟ್ಟುಕೊಂಡು, ಚೀನಾದಲ್ಲೂ ಅದೇ ಹೊತ್ತಿಗೆ ಪ್ರಸಾರವಾಗಿ, ಶೇ 38.8 ಮುಟ್ಟಿದ ಮೇಲೆ ಮೊದಲೇ ಮುಗಿಸಿಡುವ ಪದ್ಧತಿ ಬಲವಾಯಿತು. ವಾರಕ್ಕೆ 52 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ ಎಂಬ ಕಾನೂನು, ಒಟಿಟಿಗಳ ಬೇಡಿಕೆ ಎರಡೂ ಅದನ್ನು ಗಟ್ಟಿ ಮಾಡಿದವು.

ಆದರೆ ಹಳೆಯ ಪದ್ಧತಿಯಲ್ಲಿ ಒಂದು ತಡೆ ಇತ್ತು. ಮೂರನೇ ವಾರಕ್ಕೆ ಜನ ಮುಖ ತಿರುಗಿಸಿದರೆ ಲೇಖಕರಿಗೆ ಅದು ತಿಳಿಯುತ್ತಿತ್ತು, ಕಥೆ ಸರಿಪಡಿಸಲು ಅವಕಾಶವೂ ಇರುತ್ತಿತ್ತು. ಈಗ ಆ ತಡೆ ಇಲ್ಲ ಎಂದಾದರೆ ಅದರ ಜಾಗದಲ್ಲಿ ಇನ್ನೊಂದು ತಡೆ ಇರಬೇಕು: ಕ್ಯಾಮೆರಾ ತಿರುಗುವ ಮೊದಲೇ ಇಡೀ ಚಿತ್ರಕಥೆಯನ್ನು ಓದಿ, ಇಲ್ಲಿ ಕಥೆ ಕೈಕೊಟ್ಟಿದೆ ಎಂದು ಹೇಳುವ ಅಧಿಕಾರ ಇರುವ ಒಬ್ಬ ಮನುಷ್ಯ. ಸಣ್ಣ ಬಜೆಟ್‌ನ ಧಾರಾವಾಹಿಯಲ್ಲಿ ಅಂಥವರು ಇರುತ್ತಾರೆ. ದೊಡ್ಡ ಬಜೆಟ್‌ನಲ್ಲಿ ಅವರ ಮಾತಿಗೆ ಬೆಲೆ ಕಡಿಮೆ ಎಂಬುದು ನನ್ನ ಅನುಮಾನ. ಹಣ ಸಿಗುವುದೇ ಹೆಸರುಗಳ ಮೇಲೆ. ಪ್ರಖ್ಯಾತ ಲೇಖಕಿ, ಏಷ್ಯಾದ ಎಲ್ಲ ಮಾರುಕಟ್ಟೆಗಳಲ್ಲೂ ಗುರುತಿರುವ ನಟ, ಹೊಸ ಬಗೆಯ ಹಿನ್ನೆಲೆ, ಈ ಮೂರನ್ನು ತೋರಿಸಿದರೆ ವಾಹಿನಿಯೂ ಒಟಿಟಿಯೂ ಒಪ್ಪುತ್ತವೆ. ಒಪ್ಪಂದವಾಗಿ, ಸೆಟ್ ಎದ್ದು, ತಾರೆಯ ದಿನಗಳು ನಿಗದಿಯಾದ ಮೇಲೆ ಹತ್ತನೇ ಕಂತು ಸಪ್ಪೆಯಾಗಿದೆ ಎನ್ನುವ ಧೈರ್ಯ ಯಾರಿಗಿರುತ್ತದೆ? ಸಂಭಾವನೆಯ ಭಾರವೂ ಇದಕ್ಕೆ ಸೇರಿಕೊಂಡಿದೆ. ಕೆಲವು ತಾರೆಯರ ಸಂಭಾವನೆ ಕಂತಿಗೆ 100 ಕೋಟಿ ವೊನ್‌ಗೆ ಏರಿದೆ ಎಂದು 2024ರ ಆರಂಭದಲ್ಲಿ ಅಲ್ಲಿನ ನಿರ್ಮಾಪಕರೇ ಬಹಿರಂಗವಾಗಿ ಗೋಳು ತೋಡಿಕೊಂಡಿದ್ದರು. ನೆಟ್‌ಫ್ಲಿಕ್ಸ್ 2023ರಲ್ಲಿ ನಾಲ್ಕು ವರ್ಷಕ್ಕೆ 250 ಕೋಟಿ ಡಾಲರ್ ಹೂಡುವುದಾಗಿ ಘೋಷಿಸಿದ ಮೇಲೆ, ಅಷ್ಟು ಕೊಡಲಾರದ ಸ್ಥಳೀಯ ವಾಹಿನಿಗಳೂ ಆ ದರಕ್ಕೇ ಪೈಪೋಟಿ ಮಾಡಬೇಕಾಗಿದೆ.

ಇದು ಮೊದಲ ಸಲವೇನೂ ಅಲ್ಲ. 2021ರ ‘ಜಿರಿಸಾನ್’ ನೆನಪಿರುವವರಿಗೆ ಈ ನೋವು ಪರಿಚಿತ. ಲೇಖಕಿ ‘ಸಿಗ್ನಲ್’, ‘ಕಿಂಗ್‌ಡಮ್’ ಬರೆದ ಕಿಮ್ ಉನ್ ಹೀ. ನಿರ್ದೇಶಕ ‘ಮಿಸ್ಟರ್ ಸನ್‌ಶೈನ್’ ಮಾಡಿದ ಲೀ ಉಂಗ್ ಬೊಕ್. ತಾರೆಯರು ಜುನ್ ಜಿ ಹ್ಯುನ್, ಜು ಜಿ ಹೂನ್. ಕೊರಿಯಾದ ಮೊದಲ ರಾಷ್ಟ್ರೀಯ ಉದ್ಯಾನವಾದ ಜಿರಿಸಾನ್ ಬೆಟ್ಟದ ಅರಣ್ಯ ರಕ್ಷಕರ ಕಥೆ. 1,915 ಮೀಟರ್ ಎತ್ತರದ, ಚರಿತ್ರೆಯ ಎಷ್ಟೋ ಗಾಯಗಳನ್ನು ಹೊತ್ತ ಬೆಟ್ಟ ಅದು. ಆ ಬೆಟ್ಟವೇ ಕಥೆಯ ಜೀವವಾಗಿರುವಾಗ, ಮೊದಲ ಕಂತಿನ ಬಿರುಗಾಳಿಯ ದೃಶ್ಯಗಳಲ್ಲಿ ಹಿನ್ನೆಲೆ ಎದ್ದು ಕಾಣುವಷ್ಟು ನಕಲಿಯಾಗಿತ್ತು. ಉಸಿರು ಬಿಗಿಹಿಡಿಯಬೇಕಾದ ಕಡೆ ಹೊಂದದ ಹಾಡು ಬಂತು. ಬೆಟ್ಟದ ಬುಡದ ಕಚೇರಿಯಲ್ಲಿ ರಕ್ಷಕರು ನಗರದ ಸ್ಯಾಂಡ್‌ವಿಚ್ ತಿಂದರು. ದಣಿದು ಬಂದವರ ಕೈಗೆ ಚರ್ಮದ ಕಾಂತಿಗೆಂದು ಮಾರುವ ಜೆಲ್ಲಿ ಬಂತು. ಜಾಹೀರಾತುದಾರರ ಹಣ ಬೇಕು, ಸರಿ. ಕಾನೂನೂ 2010ರಿಂದ ಅದನ್ನು ಒಪ್ಪುತ್ತದೆ. ಆದರೆ ಹೆಣ ಹುಡುಕಲು ಹೋಗಿ ಬಂದವನ ಕೈಗೆ ಆ ಪೊಟ್ಟಣ ಕೊಟ್ಟ ಕ್ಷಣದಲ್ಲಿ ಅವನ ದಣಿವನ್ನು ನಂಬಲು ಆಗುವುದಿಲ್ಲ. ಮೊದಲ ವಾರಾಂತ್ಯ ಮುಗಿದು ಸೋಮವಾರ ಷೇರುಪೇಟೆ ತೆರೆದಾಗ ನಿರ್ಮಾಣ ಸಂಸ್ಥೆ ಎಸ್ಟೋರಿಯ ಷೇರು ಸುಮಾರು ಐದನೇ ಒಂದು ಭಾಗ ಕುಸಿಯಿತು.

ಅದೇ ಎಸ್ಟೋರಿ ಮರುವರ್ಷ ಹೆಚ್ಚು ಹೆಸರಿಲ್ಲದ ಇಎನ್‌ಎ ಎಂಬ ವಾಹಿನಿಗೆ ‘ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ’ ಮಾಡಿತು. ಶೇ 0.9ರಿಂದ ಆರಂಭಿಸಿ ಶೇ 17.5ಕ್ಕೆ ಮುಗಿದ ಧಾರಾವಾಹಿ. ಒಬ್ಬ ಆಟಿಸಂ ಇರುವ ವಕೀಲೆ, ಕಂತಿಗೊಂದು ಮೊಕದ್ದಮೆ, ಊಟಕ್ಕೆ ದಿನವೂ ಕಿಂಬಾಪ್, ಅಂದರೆ ಕಡಲಪಾಚಿಯ ಹಾಳೆಯಲ್ಲಿ ಅನ್ನ, ತರಕಾರಿ ಸುತ್ತಿ ಕತ್ತರಿಸಿದ ಸುರುಳಿ. ತಿನ್ನುವ ಪ್ರತಿ ತುಂಡಿನ ಒಳಗೇನಿದೆ ಎಂದು ಮೇಲಿನಿಂದಲೇ ಕಾಣುವುದರಿಂದ ಅವಳಿಗೆ ಆ ತಿನಿಸಿನ ಮೇಲೆ ನಂಬಿಕೆ. ಅಲ್ಲಿ ಊಟ ಪಾತ್ರವನ್ನು ಕಟ್ಟುತ್ತದೆ. ‘ಜಿರಿಸಾನ್’ನ ಸ್ಯಾಂಡ್‌ವಿಚ್ ಪಾತ್ರವನ್ನು ಒಡೆಯುತ್ತದೆ.

ಇನ್ನೊಂದು ಹೋಲಿಕೆ ಇದಕ್ಕಿಂತ ಹತ್ತಿರದ್ದು. ಬಾಹ್ಯಾಕಾಶದ ಧಾರಾವಾಹಿ ಮುಗಿದ ಮೂರೇ ತಿಂಗಳಿಗೆ, 2025ರ ಮೇ ತಿಂಗಳಲ್ಲಿ, ಅದೇ ಟಿವಿಎನ್‌ನಲ್ಲಿ, ಅದೇ ವಾರಾಂತ್ಯದ ಹೊತ್ತಿಗೆ, ಅದೇ ಪಾರ್ಕ್ ಶಿನ್ ವೂ ನಿರ್ದೇಶನದ ‘ಅವರ್ ಅನ್‌ರಿಟನ್ ಸಿಯೋಲ್’ ಆರಂಭವಾಯಿತು. ರಾಕೆಟ್ ಇಲ್ಲ, ನಿಲ್ದಾಣವಿಲ್ಲ. ಮುಖ ಒಂದೇ ಆದರೂ ಬದುಕು ಬೇರೆಯಾದ ಅವಳಿ ಅಕ್ಕತಂಗಿಯರು. ಸಿಯೋಲ್‌ನ ಕಚೇರಿಯಲ್ಲಿ ಸಹೋದ್ಯೋಗಿಗಳ ಕಿರುಕುಳಕ್ಕೆ ನಲುಗಿದವಳ ಜಾಗದಲ್ಲಿ ಊರಿನಲ್ಲಿದ್ದವಳು ಹೋಗಿ ಕೂರುತ್ತಾಳೆ. ಪಾರ್ಕ್ ಬೊ ಯಂಗ್ ಇಬ್ಬರ ಪಾತ್ರವನ್ನೂ ಮಾಡಿದ್ದಾರೆ. ಯಾರು ಯಾರಾಗಿ ನಟಿಸುತ್ತಿದ್ದಾರೆ ಎಂಬುದು ಅವರ ನಿಲುವಿನಿಂದ, ನೋಟದಿಂದಲೇ ನಮಗೆ ಗೊತ್ತಾಗುತ್ತದೆ. ಬೆಳಗ್ಗೆ ಎದ್ದು ಬಾಗಿಲು ದಾಟಿ ಹೊರಗೆ ಹೋಗುವುದೇ ಒಬ್ಬ ಮನುಷ್ಯನಿಗೆ ಎಷ್ಟು ಕಷ್ಟವಾಗಬಹುದು ಎಂಬುದನ್ನು ಆ ಧಾರಾವಾಹಿ ಅವಸರವಿಲ್ಲದೆ ತೋರಿಸುತ್ತದೆ. ಶೇ 3.6ರಿಂದ ಶುರುವಾಗಿ ಹನ್ನೆರಡನೇ ಕಂತಿಗೆ ಶೇ 8.4 ಆಯಿತು. ಶುರುವಾದ ಜಾಗ ಹೆಚ್ಚುಕಡಿಮೆ ಬಾಹ್ಯಾಕಾಶದ ಧಾರಾವಾಹಿಯದ್ದೇ. ಅದು ಇಳಿಯಿತು, ಇದು ಏರಿತು. ನಿರ್ದೇಶಕರ ಕೈಚಳಕ ಮೂರು ತಿಂಗಳಲ್ಲಿ ಬದಲಾಗಿರಲು ಸಾಧ್ಯವಿಲ್ಲ. ಬದಲಾದದ್ದು ಅವರ ಕೈಗೆ ಬಂದ ಚಿತ್ರಕಥೆ.

ಹಣ ಹೆಚ್ಚಾದರೆ ಕಥೆ ಕೆಡುತ್ತದೆ ಎಂದು ಇದರಿಂದ ಹೇಳಲು ನಾನು ಸಿದ್ಧನಿಲ್ಲ. ಅದೇ 2025ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್’ ಇದಕ್ಕಿಂತಲೂ ದುಬಾರಿ ಎಂದು ವರದಿಗಳಿವೆ. ಅದರ ಹಣ ಹೋದದ್ದು ಜೇಜು ದ್ವೀಪದ ಹಳೆಯ ಊರನ್ನು ಮತ್ತೆ ಕಟ್ಟುವುದಕ್ಕೆ, ಹಲವು ದಶಕಗಳ ಬಟ್ಟೆಬರೆಗೆ, ಮನೆಗಳಿಗೆ. ಕಡಲಿಗೆ ಮುಳುಗಿ ಚಿಪ್ಪು ಹೆಕ್ಕುವ ತಾಯಿ, ಓದಬೇಕೆಂದು ಹಂಬಲಿಸುವ ಮಗಳು, ಅವಳ ಮಗಳು ಇವರ ಬದುಕಿಗೆ ಬೇಕಾದದ್ದನ್ನೇ ಆ ಹಣ ಒದಗಿಸಿತು. ಬರೆದವರು ‘ಕ್ಯಾಮೆಲಿಯಾ’ದ ಲೇಖಕಿ ಇಮ್ ಸಾಂಗ್ ಚುನ್.

ನನಗೆ ಈಗ ಆತಂಕವಿರುವುದು ವಾಹಿನಿಗಳು ಈ ಸೋಲಿನಿಂದ ಏನು ಕಲಿಯುತ್ತವೆ ಎಂಬ ಬಗ್ಗೆ. ಕೊರಿಯಾದಲ್ಲಿ ವರ್ಷಕ್ಕೆ ತಯಾರಾಗುವ ಧಾರಾವಾಹಿಗಳ ಸಂಖ್ಯೆ 2022ರಿಂದ ಇಳಿಮುಖವಾಗಿದೆ. ಹಲವು ವಾಹಿನಿಗಳು ವಾರದ ಮಧ್ಯದ ಧಾರಾವಾಹಿ ಹೊತ್ತನ್ನೇ ಕೈಬಿಟ್ಟಿವೆ. ಇಂಥ ಬಿಗಿ ದಿನಗಳಲ್ಲಿ ‘ಬಾಹ್ಯಾಕಾಶ ನಮ್ಮ ಜನಕ್ಕೆ ಹಿಡಿಸುವುದಿಲ್ಲ’ ಎಂದು ಷರಾ ಬರೆದು ಕಡತ ಮುಚ್ಚುವುದು ಸುಲಭ. 2008ರಲ್ಲಿ ರಷ್ಯಾದ ಸೋಯುಜ್ ನೌಕೆ ಏರಿ ಹೋಗಿಬಂದ ಯಿ ಸೊ ಯೊನ್ ಬಾಹ್ಯಾಕಾಶ ಕಂಡ ಏಕೈಕ ಕೊರಿಯನ್ ಪ್ರಜೆ. ಮರಳುವಾಗ ಅವರ ನೌಕೆ ದಾರಿ ತಪ್ಪಿ ನೂರಾರು ಕಿಲೋಮೀಟರ್ ದೂರದಲ್ಲಿ ನೆಲಕ್ಕೆ ಬಡಿಯಿತು. ಕೊರಿಯಾದ ಸ್ವಂತ ನೂರಿ ರಾಕೆಟ್ 2022ರಲ್ಲಿ ಕಕ್ಷೆ ಮುಟ್ಟಿತು. 2024ರ ಮೇ ತಿಂಗಳಲ್ಲಿ ಸಾಚೊನ್‌ನಲ್ಲಿ ಆ ದೇಶದ ಬಾಹ್ಯಾಕಾಶ ಸಂಸ್ಥೆಯೇ ತೆರೆಯಿತು. ಬರೆಯುವವರಿಗೆ ಇಷ್ಟೆಲ್ಲ ಕಣ್ಣೆದುರೇ ಇದೆ. ಇವುಗಳಲ್ಲಿ ಯಾವುದನ್ನಾದರೂ ಹಿಡಿದು, ಕೆಲಸ ಬಲ್ಲವರ ಬಳಿ ಕುಳಿತು ತಿಳಿದು, ಹನ್ನೆರಡು ಕಂತು ಬರೆದು ತರುವ ಹೊಸ ಲೇಖಕರೊಬ್ಬರು ಮುಂದಿನ ವರ್ಷ ವಾಹಿನಿಯ ಬಾಗಿಲು ತಟ್ಟಿದರೆ, ಅವರ ಹಸ್ತಪ್ರತಿಯನ್ನು ತೆರೆದು ಓದುವ ಮೊದಲೇ ಈ ಶೇ 2.6ರ ಲೆಕ್ಕ ಮುಂದಿಟ್ಟು ವಾಪಸು ಕಳುಹಿಸಬಾರದು.